ಭುಜ ಎಷ್ಟು ಮಿಲಿಮೀಟರ್ ಜಾರಿದೆ?

ಫಸ್ಟ್ ಇಯರ್ ಲ್ಯಾಬ್‌ನಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದು ಲೀಸ್ಟ್ ಕೌಂಟ್ ಬರೆದದ್ದು ನಿಮಗೆಲ್ಲ ನೆನಪಿರಬೇಕು. ಅದೇ ಪ್ರಶ್ನೆಯನ್ನು ಮನುಷ್ಯನ ಭುಜಕ್ಕೆ ಕೇಳಿದರೆ?

ಭುಜದ ಕೀಲು ಅಂದ್ರೆ ಚಿಕ್ಕ ತಟ್ಟೆಗೆ ಒರಗಿಸಿಟ್ಟ ದೊಡ್ಡ ಚೆಂಡು. ಬಾಲ್ ಅಂಡ್ ಸಾಕೆಟ್ ಅಂತ ಹೆಸರಿದ್ದರೂ ಸಾಕೆಟ್‌ಗೆ ಆಳವೇ ಇಲ್ಲ. ಚೆಂಡನ್ನು ಜಾಗದಲ್ಲಿ ಹಿಡಿದಿಡುವುದರಲ್ಲಿ ಸುತ್ತಲಿನ ಸ್ನಾಯುಗಳ ಪಾಲು ದೊಡ್ಡದು. ಲಕ್ವ ಹೊಡೆದ ಮೇಲೆ ಆ ಸ್ನಾಯುಗಳು ಸಡಿಲವಾಗಬಹುದು. ಗುರುತ್ವ ಮಾತ್ರ ರಜೆ ಹಾಕಲ್ಲ. ಕೈಯ ತೂಕಕ್ಕೇ ಚೆಂಡು ಕೆಳಗೆ ಜಾರುತ್ತದೆ. ಇದಕ್ಕೆ ಸಬ್‌ಲಕ್ಸೇಶನ್ ಅಂತಾರೆ.

ಫಿಸಿಯೋಥೆರಪಿಸ್ಟ್‌ಗಳು ಇದನ್ನು ಬೆರಳಿಟ್ಟು ನೋಡುತ್ತಾರೆ: ಭುಜದ ತುದಿಯ ಮೂಳೆಯ ಕೆಳಗೆ ಅರ್ಧ ಬೆರಳು ಹಿಡಿಸುತ್ತಾ, ಒಂದಾ, ಎರಡಾ? ಖರ್ಚಿಲ್ಲದ, ಬೇಗ ಮುಗಿಯುವ ವಿಧಾನ. ಆದರೆ ಲೀಸ್ಟ್ ಕೌಂಟ್ ಅರ್ಧ ಬೆರಳು! ಅದಕ್ಕೇ ಎಕ್ಸ್‌ರೇ. ಭುಜದ ತುದಿಯ ಮೂಳೆ ಆಕ್ರೋಮಿಯನ್. ಅದರ ಕೆಳ ಅಂಚಿನಿಂದ ತೋಳಿನ ಮೂಳೆಯ ತಲೆಯವರೆಗಿನ ಅಂತರವನ್ನು ಮಿಲಿಮೀಟರ್‌ನಲ್ಲಿ ಅಳೆದು, ಸರಿಯಿರುವ ಭುಜದ ಅಂತರದ ಜೊತೆ ಹೋಲಿಸುತ್ತಾರೆ.

ಇಲ್ಲಿ ಎರಡು ಕಡೆ ಲೆಕ್ಕ ತಪ್ಪಬಹುದು. ಮೊದಲನೆಯದು ಭಂಗಿ. ಮಲಗಿಸಿ ಎಕ್ಸ್‌ರೇ ತೆಗೆದರೆ ಕೈಯ ತೂಕ ಕೆಳಗೆ ಎಳೆಯುವುದಿಲ್ಲ, ಜಾರಿದ್ದೇ ಕಾಣದಿರಬಹುದು. ಕೂರಿಸಿ, ಕೈಯನ್ನು ಆಧಾರವಿಲ್ಲದೆ ಇಳಿಬಿಟ್ಟು ತೆಗೆಯಬೇಕು. ಲೋಡ್ ಹಾಕದೆ ಬೀಮ್‌ನ ಡಿಫ್ಲೆಕ್ಷನ್ ಅಳೆಯಕ್ಕಾಗುತ್ತಾ?

ಎರಡನೆಯದು ಮ್ಯಾಗ್ನಿಫಿಕೇಶನ್. ಟ್ಯೂಬ್‌ನಿಂದ ಡಿಟೆಕ್ಟರ್‌ಗೆ 100 ಸೆಂ.ಮೀ. ಇದ್ದು, ಕೀಲು ಡಿಟೆಕ್ಟರ್‌ನಿಂದ 10 ಸೆಂ.ಮೀ. ಮುಂದಿದ್ದರೆ ನೆರಳು 100/90, ಅಂದರೆ 1.11 ಪಟ್ಟು ದೊಡ್ಡದು. ನಿಜವಾದ 18 ಮಿ.ಮೀ. ಚಿತ್ರದಲ್ಲಿ 20 ಆಗುತ್ತದೆ. ಮುಂದಿನ ಸಲ ರೋಗಿ ವೀಲ್‌ಚೇರ್‌ನಲ್ಲಿ ಕೂತು, ಕೀಲು 20 ಸೆಂ.ಮೀ. ದೂರ ಉಳಿದರೆ ಅದೇ 18 ಈಗ 22.5! ಭುಜ ಹಾಗೇ ಇದೆ, ರಿಪೋರ್ಟ್ ಮಾತ್ರ ಕೆಟ್ಟಿದೆ. ಪಕ್ಕದಲ್ಲಿ ಗೊತ್ತಿರುವ ಅಳತೆಯ ಸ್ಟೀಲ್ ಗುಂಡು ಇಟ್ಟರೆ ಇದನ್ನು ಸರಿಪಡಿಸಬಹುದು. ಎರಡೂ ಭುಜ ಒಂದೇ ದೂರದಲ್ಲಿದ್ದರೆ ಅನುಪಾತ ತೆಗೆದರೂ ಸಾಕು, ಮ್ಯಾಗ್ನಿಫಿಕೇಶನ್ ಕ್ಯಾನ್ಸಲ್ ಆಗುತ್ತದೆ.

ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆಯವರಿಗೆ ಇದು ಬರೀ ಥಿಯರಿ ಅಲ್ಲ. ಸ್ಟ್ರೋಕ್ ಆದಾಗ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಇಲ್ಲ ಶಿವಮೊಗ್ಗಕ್ಕೋ ಹೋದವರು ಆಮೇಲಿನ ಎಕ್ಸ್‌ರೇಯನ್ನು ಊರಿನ ಹತ್ತಿರವೇ ತೆಗೆಸಬಹುದು. ಆಗ ಮೆಷಿನ್ ಬೇರೆ, ದೂರ ಬೇರೆ, ಕೂರಿಸಿದ ರೀತಿಯೂ ಬೇರೆ. ಕೈಗೆ ಹಾಕಿದ ಸ್ಲಿಂಗ್ ಕೆಲಸ ಮಾಡ್ತಿದೆಯಾ ಅಂತ ತೀರ್ಮಾನಿಸೋದು ಈ ಎರಡು ಚಿತ್ರಗಳನ್ನು ಹೋಲಿಸಿಯೇ ಆದರೆ, ಎರಡೂವರೆ ಮಿಲಿಮೀಟರ್ ತಪ್ಪು ಸಣ್ಣದಲ್ಲ. ಭಂಗಿ, ದೂರ, ಸ್ಲಿಂಗ್ ಇತ್ತಾ ಇಲ್ವಾ ಎನ್ನುವ ಮೂರು ವಿಷಯ ಫಿಲ್ಮ್ ಜೊತೆ ಬರೆದಿಟ್ಟರೆ ಮುಂದಿನ ಡಾಕ್ಟರ್‌ಗೆ ಹೋಲಿಕೆ ಸುಲಭ.

ಮನೆಯವರು ನೆನಪಿಡಬೇಕಾದ್ದು ಇನ್ನೊಂದಿದೆ, ಅದಕ್ಕೆ ಯಾವ ಮೆಷಿನ್ನೂ ಬೇಡ: ಲಕ್ವ ಹೊಡೆದವರನ್ನು ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ. ಕೂತಾಗ ಆ ಕೈ ನೇತಾಡದಂತೆ ಕೆಳಗೊಂದು ದಿಂಬು ಕೊಡಿ.