ಎಳ್ಳ ಅಮಾಸಿಯ ಚಳಿ

ಎಳ್ಳ ಅಮಾವಾಸ್ಯೆಯ ಹಿಂದಿನ ರಾತ್ರಿ ವಿಜಯಪುರದ ಡೋಣಿ ಹೊಳೆಯ ಸೀಮೆಯ ಹಳ್ಳಿಗಳಲ್ಲಿ ಒಲೆ ಬೇಗ ಆರುವುದಿಲ್ಲ. ಸಜ್ಜೆ ಹಿಟ್ಟು ನಾದಿ, ರೊಟ್ಟಿ ಬಡಿದು, ಮೇಲೆ ಎಳ್ಳು ಹಚ್ಚಿ ಹಂಚಿಗೆ ಹಾಕುವ ಸಪ್ಪಳ ಓಣಿಯುದ್ದಕ್ಕೂ ಕೇಳುತ್ತದೆ. ಪುಣೆ, ಸೊಲ್ಲಾಪುರ, ಬೆಂಗಳೂರುಗಳಿಂದ ಬಂದಿಳಿದವರು ಬ್ಯಾಗನ್ನು ಪಡಸಾಲೆಯಲ್ಲಿಟ್ಟು ನೆಟ್ಟಗೆ ಅಡುಗೆಮನೆಗೇ ನಡೆಯುತ್ತಾರೆ. ಇಡೀ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ. ಒಲೆಯ ಮುಂದಿಂದ ಏಳದೆಯೇ ಆಯಿ, "ಬಾ, ಮೊದ್ಲ ಕೈ ಕಾಸ್ಕೋ" ಅನ್ನುತ್ತಾಳೆ. ಕುಶಲ ಕೇಳುವುದೆಲ್ಲ ಆಮೇಲೆ.

ಈ ಸೀಮೆಯ ಚಳಿ ಒಣ ಚಳಿ. ಕಡಲು ದೂರ, ಆಕಾಶದಲ್ಲಿ ಮೋಡದ ಚೂರಿಲ್ಲ. ಎರೆಭೂಮಿ ಹಗಲೆಲ್ಲ ಹೀರಿಕೊಂಡ ಬಿಸಿಲನ್ನು ಇರುಳು ಬಯಲಿಗೇ ಬಿಟ್ಟುಕೊಡುತ್ತದೆ. ಮಾರ್ಗಶಿರದ ಕೊನೆಯ ಈ ದಿನಗಳಲ್ಲಿ ಕೆಲವು ವರ್ಷ ಬೆಳಗಿನ ಜಾವದ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಆಗ ಅಡಕಲಿನ ಕೌದಿಗಳೆಲ್ಲ ಕೆಳಗೆ ಬರಬೇಕು. ಮಕ್ಕಳು ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಕೇಳುತ್ತಾರೆ, ಚಿಗವ್ವ ಹೇಳುತ್ತಾಳೆ: ಇದು ಮುತ್ಯಾನ ಧೋತರ, ಇದು ನಮ್ಮವ್ವನ ಇಳಕಲ್ ಸೀರಿ, ಇದು ನಿಮ್ಮಪ್ಪ ಸಾಲಿಗೆ ಹಾಕ್ಕೊಂಡು ಹೋಗತಿದ್ದ ಅಂಗಿ. ಊರಿಗೆ ಬರಲಾಗದವರೂ, ತೀರಿಹೋದವರೂ ಆ ಹೊದಿಕೆಯಲ್ಲಿ ಇದ್ದಾರೆ.

ಹಬ್ಬ ಮಾತ್ರ ಮನೆಯಲ್ಲಿ ನಡೆಯುವುದಿಲ್ಲ. ಬಿಸಿಲು ಬಲಿಯುವ ಹೊತ್ತಿಗೆ ಬುಟ್ಟಿ, ಗಡಿಗೆ, ಮಕ್ಕಳು, ಮುದುಕರು ಎಲ್ಲ ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೊಲಕ್ಕೆ ಹೊರಡುತ್ತಾರೆ. ಹಿಂಗಾರಿಗೆ ಬಿತ್ತಿದ ಬಿಳಿಜೋಳ ಆಳೆತ್ತರ ನಿಂತಿರುತ್ತದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನೆಲವಿದು. ಬಿತ್ತನೆಯಾದ ಮೇಲೆ ಆ ಮಳೆಯೂ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಎರೆಮಣ್ಣು ಆಳದಲ್ಲಿ ಹಿಡಿದಿಟ್ಟ ಹಸಿಯೇ ಮಾಲದಂಡಿ ಜೋಳಕ್ಕೆ ಜೀವ. ಆ ಹಸಿ ಬಿರುಕುಗಳಿಂದ ಆರಿಹೋಗದಂತೆ ಎಡೆ ಹೊಡೆದು ಮಣ್ಣು ಮುಚ್ಚುತ್ತಾರೆ. ಡೋಣಿ ಹರಿದರೆ ಓಣೆಲ್ಲ ಜೋಳ ಎಂಬ ಮಾತು ಹುಟ್ಟಿದ್ದು ಈ ಮಣ್ಣಿನ ಭರವಸೆಯಿಂದಲೇ.

ಪಕ್ಕದಲ್ಲೇ ಕಡಲೆ. ಬೆಳಿಗ್ಗೆ ಅದರೊಳಗೆ ನಡೆದವರ ಕಾಲು ಇಬ್ಬನಿಗೆ ತೊಯ್ದು, ಆಮೇಲೆ ತುಸು ಉರಿಯುತ್ತದೆ. ಎಲೆಯ ಮೇಲಿನ ಸಣ್ಣ ರೋಮಗಳು ಹುಳಿ ಸೂಸುತ್ತವೆ. ಹಿಂದಿನವರು ರಾತ್ರಿ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಹೊಟ್ಟೆನೋವಿನ ಔಷಧಿಗೆಂದು ಇಟ್ಟುಕೊಳ್ಳುತ್ತಿದ್ದರು. ಇಬ್ಬನಿಯನ್ನೂ ಬಿಡದೆ ಬಳಸಿದ ಬಾಳು ಅದು.

ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಆರಿಸಿ, ಸುಣ್ಣ ಬಳಿದು ಇಟ್ಟರೆ ಅವರೇ ಪಾಂಡವರು. ಗುಡಿಯಿಲ್ಲ, ಪೂಜಾರಿಯಿಲ್ಲ. ತಂದ ಅಡುಗೆಯಲ್ಲೆಲ್ಲ ತುಸುತುಸು ತೆಗೆದು ಕಲಸಿ, ಕಾಕಾ ಹೊಲದ ಸುತ್ತ ಚರಗ ಚೆಲ್ಲುತ್ತ ನಡೆಯುತ್ತಾನೆ. ಹಿಂದೆ ನೀರು ಚಿಮುಕಿಸುತ್ತ ಹುಡುಗನೊಬ್ಬ. ಕಾಕಾ ಕೂಗಿದ್ದಕ್ಕೆ ಹುಡುಗನ ಓಗೊಡುವಿಕೆ. ಬಸುರಿ ಭೂತಾಯಿಗೆ ಬಯಕೆಯ ಊಟ ಬಡಿಸದೆ ಮನೆಯವರು ಬಾಯಿಗಿಡುವುದಿಲ್ಲ.

ಆಮೇಲೆ ಕೂತರೆ ಏಳುವುದು ಕಷ್ಟ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡುಬು, ಎಣಗಾಯಿ, ಪುಂಡಿಪಲ್ಲೆ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆನೆಮೊಸರು, ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ. ಮೈ ಒಡೆಯುವ ಚಳಿಗೆ ಎಳ್ಳಿನ ಜಿಡ್ಡು, ಸಜ್ಜೆಯ ಕಾವು ಬೇಕೇ ಬೇಕು. ಬದುವಿನಲ್ಲಿ ಹಾದುಹೋಗುವವರನ್ನೂ ಕರೆಯುತ್ತಾರೆ: "ಬರ್ರಿ, ಒಂದ್ ತುತ್ತು ಉಂಡು ಹೋಗ್ರಿ." ಹೊಲವಿಲ್ಲದ ಮನೆಯವರು ಈ ದಿನ ಯಾರ ಹೊಲಕ್ಕಾದರೂ ಹೋಗಬಹುದು. ನನಗೆ ಈ ಹಬ್ಬ ದೊಡ್ಡದಾಗಿ ಕಾಣುವುದು ಇಲ್ಲಿ. ಹೊಸ್ತಿಲೇ ಇಲ್ಲದ ಮನೆಯೊಂದು ಅಂದು ಬಯಲಿನಲ್ಲಿ ಏಳುತ್ತದೆ.

ಕಾಲುವೆ ನೀರು ಬಂದಲ್ಲಿ ಜೋಳದ ಹೊಲ ಕಬ್ಬಾಗಿದೆ, ದ್ರಾಕ್ಷಿಯಾಗಿದೆ. ಸಾಲ ತೀರಿಸಬೇಕಾದ ರೈತನನ್ನು ಅದಕ್ಕಾಗಿ ದೂರಲಾರೆ. ಆದರೆ ಹೊಲವೆಲ್ಲ ಕಬ್ಬಾದರೆ ಮೂವತ್ತು ಜನ ಸುತ್ತುಗಟ್ಟಿ ಕೂತು ಉಣ್ಣುವ ಜಾಗವೇ ಉಳಿಯುವುದಿಲ್ಲ. ಅಂಥ ಮನೆಯವರು ಪಕ್ಕದ ಹೊಲದವರಲ್ಲಿ ಬುತ್ತಿ ಬಿಚ್ಚುತ್ತಾರೆ. ಅದೂ ಒಳ್ಳೆಯದೇ. ಆದರೂ ಒಂದು ಎಕರೆಯಾದರೂ ಜೋಳಕ್ಕೆ ಬಿಡಬೇಕು ಅನ್ನುವ ಹಿರಿಯರ ಪರವೇ ನಾನು.

ಸಂಜೆ ಮನೆ ಮುಟ್ಟುವಷ್ಟರಲ್ಲಿ ಮತ್ತೆ ಚಳಿ, ಮತ್ತೆ ಒಲೆ. ಪುಣೆಗೆ ಹೋಗುವವರಿಗೆ ಖಡಕ್ ರೊಟ್ಟಿಯ ಗಂಟು, ಬೆಂಗಳೂರಿಗೆ ಹೊರಟವರಿಗೆ ಹಿಂಡಿಯ ಡಬ್ಬಿ, ಮಕ್ಕಳ ಜೇಬಿಗೆ ಕಡಲೆಯ ಸುಲಗಾಯಿ. ಸಂಕ್ರಾಂತಿಗೆ ಕೂಡಲಸಂಗಮಕ್ಕೆ ಹೋಗಿ ಹೊಳೆಯಲ್ಲಿ ಮಿಂದು ಉಣ್ಣುವ ಮಾತು ಆಗಲೇ ಶುರುವಾಗಿರುತ್ತದೆ. ರಜೆ ಸಿಗುವುದು ಕಷ್ಟ ಎಂದು ಮೊಮ್ಮಗ ಅಂದರೆ, ಆಯಿ ಗಂಟಿಗೆ ಇನ್ನೆರಡು ರೊಟ್ಟಿ ಸೇರಿಸುತ್ತ, "ಸಿಕ್ರ ಬಾ, ಸಿಗಲಿಲ್ಲಂದ್ರ ಫೋನ್ ಮಾಡು, ಯಾರರ ಕೈಯಾಗ ಕೊಟ್ಟು ಕಳಸ್ತೀನಿ" ಅನ್ನುತ್ತಾಳೆ.