ಸಂಕಟಕಾಲದಲ್ಲಿ ಶಾಸನಸಭೆಯ ಮೇಲ್ವಿಚಾರಣೆ

ಬೆಂಗಳೂರಿನ ವಾಯವ್ಯದಲ್ಲಿ, ಹೆಸರಘಟ್ಟದ ಹಾದಿಯಲ್ಲಿರುವ ಚಿಕ್ಕಬಾಣಾವರದಲ್ಲಿ, ಪೀಣ್ಯದ ಕಾರ್ಖಾನೆಗಳಿಗೆ ದುಡಿಯಹೋಗುವವರ ಮನೆಗಳು ಬಹಳ. 2020ನೆಯ ಇಸವಿ ಮಾರ್ಚಿ 25ರಂದು ಕೊರೋನಾ ವ್ಯಾಧಿಯ ನಿಮಿತ್ತ ದೇಶವೇ ಬಾಗಿಲಿಕ್ಕಿದಾಗ ಇಂತಹ ಅನೇಕ ಮನೆಗಳ ಸಂಪಾದನೆ ನಿಂತಿತು. ಆದರೆ ಬೆಂಕಿಪೆಟ್ಟಿಗೆ ಕೊಂಡರೂ ತೆರಬೇಕಾದ ತೆರಿಗೆ ನಿಲ್ಲಲಿಲ್ಲ. ಅಂತಹ ಹಣದಿಂದಲೇ ಸರ್ಕಾರವು ವೆಂಟಿಲೇಟರು, ರಕ್ಷಾಕವಚ, ಸ್ಯಾನಿಟೈಸರುಗಳನ್ನು ಅವಸರದಲ್ಲಿ ಕೊಳ್ಳಬೇಕಾಯಿತು. ಕೊಟ್ಟ ಬೆಲೆ ನ್ಯಾಯವೆ, ಬಂದ ಮಾಲು ಗಟ್ಟಿಯೆ ಎಂದು ಕೇಳತಕ್ಕವರಾರು?

ಅದಕ್ಕೆಂದೇ ನಮ್ಮ ವಿಧಾನಮಂಡಲದಲ್ಲಿ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯಿದೆ. ಆಗ ಅದರ ಅಧ್ಯಕ್ಷರಾಗಿದ್ದವರು ವಿರೋಧ ಪಕ್ಷದ ಶ್ರೀ ಎಚ್. ಕೆ. ಪಾಟೀಲರು. ಖರೀದಿಯಲ್ಲಿ ಅಕ್ರಮವಾಗಿದೆಯೆಂಬ ಆಪಾದನೆಗಳು ಬಂದುದರಿಂದ ಸಮಿತಿಯು ಸ್ಥಳಕ್ಕೆ ಹೋಗಿ ಪರೀಕ್ಷಿಸಲು ಅಣಿಯಾಯಿತು. ಅಷ್ಟರಲ್ಲಿ, ಮೇ ತಿಂಗಳ ಕಡೆಯಲ್ಲಿ, ಸಭಾಧ್ಯಕ್ಷ ಶ್ರೀ ವಿಶ್ವೇಶ್ವರ ಹೆಗಡೆ ಕಾಗೇರಿಯವರು ವ್ಯಾಧಿಯ ಕಾರಣದಿಂದ ಸಮಿತಿಗಳ ಪ್ರವಾಸ, ಸ್ಥಳಪರಿಶೀಲನೆಗಳನ್ನು ತಡೆದು ಆಜ್ಞೆಯಿತ್ತರು. ಪಾಟೀಲರು ಆಕ್ಷೇಪಿಸಿದರು.

ಹೋಗಬಾರದಾದರೆ ಕುಳಿತಲ್ಲಿಂದಲೇ ವಿಚಾರಿಸಬಾರದೆ ಎಂದು ವಾಚಕರು ಕೇಳಬಹುದು. ಬ್ರಿಟನ್ನಿನಲ್ಲಿ ಹಾಗೆಯೇ ನಡೆಯಿತು. ಏಪ್ರಿಲ್ 22ರಂದು ಅಲ್ಲಿನ ಕಾಮನ್ಸ್ ಸಭೆಯಲ್ಲಿ ಕೆಲವರು ಒಳಗೂ, ಉಳಿದವರು ತಮ್ಮ ಮನೆಗಳಿಂದ ಪರದೆಯ ಮೇಲೂ ಕಾಣಿಸಿಕೊಂಡು ಪ್ರಧಾನಮಂತ್ರಿಯ ಪ್ರಶ್ನೋತ್ತರವನ್ನು ನಡೆಸಿದರು. ಮೇ 27ರಂದು ಪ್ರಧಾನಿ ಜಾನ್ಸನ್ನರೇ ಸಮಿತಿಯ ಮುಂದೆ ಪರದೆಯ ಮೂಲಕ ಉತ್ತರ ಕೊಡಬೇಕಾಯಿತು. ದೆಹಲಿಯಲ್ಲಾದರೋ ಕೆಲವು ಸಮಿತಿಗಳ ಅಧ್ಯಕ್ಷರು ಬೇಡಿದರೂ ಇದಕ್ಕೆ ಅನುಮತಿ ದೊರೆಯಲಿಲ್ಲ. ಸಮಿತಿಯ ಬೈಠಕ್ಕು ಸಂಸತ್ಭವನದ ಆವರಣದಲ್ಲೇ ಸೇರಬೇಕೆಂಬ ನಿಯಮವೂ ರಹಸ್ಯಪಾಲನೆಯೂ ಅಡ್ಡಬಂದವು.

ರಹಸ್ಯದ ಮಾತು ಬರಿಯ ನೆಪವಲ್ಲ. ಸಾಕ್ಷಿ ನುಡಿಯುವ ಅಧಿಕಾರಿಯ ಪಕ್ಕದಲ್ಲಿ, ಪರದೆಗೆ ಕಾಣದಂತೆ, ಯಾರು ಕುಳಿತಿರುವರೋ ಬಲ್ಲವರಾರು? ಉಗ್ರಾಣದ ಪೆಟ್ಟಿಗೆಗಳನ್ನು ಎಣಿಸುವುದಕ್ಕಂತೂ ಪರದೆ ಸಾಲದು, ಕಾಲ್ನಡೆಯೇ ಬೇಕು. ಆದರೂ ಕಡತ ತರಿಸಿ, ದರ ಹೋಲಿಸಿ, ಅಧಿಕಾರಿಯನ್ನು ಪ್ರಶ್ನಿಸುವ ಮುಕ್ಕಾಲು ಕೆಲಸಕ್ಕೆ ಅದು ಸಾಕೆಂದೇ ನಮಗೆ ತೋರುತ್ತದೆ. ವರ್ಗದ ಮಕ್ಕಳು ಪಾಠ ಕೇಳಿದ್ದೂ, ನ್ಯಾಯಾಲಯಗಳು ವಾದ ಆಲಿಸಿದ್ದೂ ಆ ದಿನಗಳಲ್ಲಿ ಹೀಗೆಯೇ ಅಲ್ಲವೆ!

ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಕಳೆಯಬಾರದೆಂದು ಸಂವಿಧಾನದ 174ನೆಯ ಅನುಚ್ಛೇದ ವಿಧಿಸಿದೆ. ಮಾರ್ಚಿ 24ರಂದು ಮುಗಿದ ನಮ್ಮ ವಿಧಾನಸಭೆಯು ಮತ್ತೆ ಸೇರಿದುದು ಸೆಪ್ಟೆಂಬರ್ 21ರಂದು, ಅವಧಿ ತುಂಬಲು ಮೂರು ದಿನವಿರುವಾಗ; 26ಕ್ಕೆ ಅದೂ ಮುಗಿಯಿತು.