ಏಡಿ ನೀಚೆ!

ಭಾನುವಾರ ಬೆಳಗಿನ ಐದೂವರೆಗೆ ಬಿಳೇಕಹಳ್ಳಿಯಲ್ಲಿ ಹಾಲಿನ ಬೂತೊಂದೇ ಎಚ್ಚರವಾಗಿರುತ್ತದೆ. ಐಐಎಂ ಗೋಡೆ ಬೆನ್ನಿಗೆ ಬಿತ್ತೆಂದರೆ ಹುಳಿಮಾವು, ಗೊಟ್ಟಿಗೆರೆ. ಆಮೇಲೆ ಬನ್ನೇರುಘಟ್ಟದ ತಂಗಾಳಿ. ಲಾಯ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಗುತ್ತದೆ. ಬೂಸಾ, ಒಣಹುಲ್ಲು, ಲದ್ದಿ, ಎಣ್ಣೆ ಹಚ್ಚಿದ ಚರ್ಮದ ಜೀನು ಎಲ್ಲ ಬೆರೆತ ವಾಸನೆ. ಮೊದಲ ವಾರ ಮೂಗು ಮುಚ್ಚಿಕೊಂಡವನು ನಾನು. ಈಗ ಅದಿಲ್ಲದಿದ್ದರೆ ಭಾನುವಾರ ಅನ್ನಿಸುವುದಿಲ್ಲ.

ಗುರುಗಳು ಸೇನೆಯ ಅಶ್ವದಳದಲ್ಲಿ ದಫೇದಾರರಾಗಿದ್ದವರು. ತಲೆ ನರೆತಿದೆ, ಬೆನ್ನು ಮಾತ್ರ ಈಗಲೂ ಒನಕೆಯ ಹಾಗೆ ನೆಟ್ಟಗೆ. ಮೊದಲ ದಿನ ಅವರು “ಏಡಿ ನೀಚೆ!” ಎಂದು ಗದರಿದಾಗ ನಾನು ನೆಲ ನೋಡಿದೆ. ನನಗೆ ಗೊತ್ತಿದ್ದ ಏಡಿ ಗದ್ದೆ ಬದುವಿನದು. ಅವರು ಹೇಳಿದ್ದು ಹಿಮ್ಮಡಿ ಕೆಳಗಿಳಿಸು ಎಂದು. ಭುಜ, ಸೊಂಟ, ಹಿಮ್ಮಡಿ, ಈ ಮೂರೂ ಒಂದೇ ತೂಗುದಾರದಲ್ಲಿರಬೇಕು. ಇಷ್ಟೇ ಪಾಠ. ಇದಕ್ಕೇ ನನಗೆ ಆರು ವಾರ ಹಿಡಿಯಿತು.

ಚಂದ್ರಿ ಕಂದುಬಣ್ಣದ ಹೆಣ್ಣು ಕುದುರೆ. ಕಾಸ್ತಾರ ಮಾಲೀಸು ಮುಗಿಸಿ ಕರೆತರುತ್ತಾನೆ. ಗುರುಗಳು ಉದ್ದ ಹಗ್ಗದ ತುದಿ ಹಿಡಿದು ನಡುವೆ ನಿಂತರೆ, ಅವಳು ಗಾಣದ ಎತ್ತಿನಂತೆ ಸುತ್ತುತ್ತಾಳೆ. ನನಗೆ ಲಗಾಮಿಲ್ಲ, ರಿಕಾಪೂ ಇಲ್ಲ. ವಿಯೆನ್ನಾದ ಹೆಸರಾಂತ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲೂ ಹೊಸಬರು ತಿಂಗಳುಗಟ್ಟಲೆ ಹೀಗೆಯೇ ಹಗ್ಗದಲ್ಲಿ ಸುತ್ತುತ್ತಾರಂತೆ ಎಂದು ಗೊಣಗುವ ಶಿಷ್ಯರಿಗೆ ಸಮಾಧಾನ ಹೇಳುವುದು ಅವರ ರೂಢಿ. ಸರಳೆ ವರಸೆ ಬಿಟ್ಟು ಕೀರ್ತನೆಗೆ ಹಾರಿದವರ ಗತಿ ನಮಗೇನು ಗೊತ್ತಿಲ್ಲವೇ!

ನಡಿಗೆಗೆ ನಾಲ್ಕು ಏಟು, ಸೊಂಟ ತೊಟ್ಟಿಲಾಡುತ್ತದೆ. “ದುಲ್ಕಿ!” ಎಂದರೆ ಸಾಕು, ಮೂಲೆಗೆ ಮೂಲೆಯಾಗಿ ಎರಡೆರಡು ಕಾಲು ಒಟ್ಟಿಗೆ ಏಳುತ್ತವೆ, ಎರಡೇ ಏಟು. ಒಳಗಿನ ಇಡ್ಲಿಯೆಲ್ಲ ಗಂಟಲಿಗೆ. ಬಿಗಿ ಹಿಡಿದಷ್ಟೂ ಕುಕ್ಕುತ್ತದೆ. ನೊಣ ಕೂತ ಕಡೆ ಚರ್ಮವನ್ನಷ್ಟೇ ಅದುರಿಸುವ ಪ್ರಾಣಿಗೆ ನನ್ನ ಹೆದರಿಕೆ ತಿಳಿಯದೇ ಇದ್ದೀತೇ? ಒಮ್ಮೆ ಸಾಕಾಗಿ ಉಸಿರು ಬಿಟ್ಟು ಸೊಂಟ ಸಡಿಲಿಸಿದೆ. ಚಂದ್ರಿ ನಿಂತೇಬಿಟ್ಟಳು. ಒಂದು ಕಿವಿ ಮಾತ್ರ ನನ್ನ ಕಡೆ ತಿರುಗಿತು. ಗುರುಗಳು ಏನೂ ಹೇಳಲಿಲ್ಲ, ಮೀಸೆಯೊಳಗೆ ನಕ್ಕರು.

ಪಕ್ಕದಲ್ಲೇ ನಲವತ್ತಕ್ಕೆ ಇಪ್ಪತ್ತು ಮೀಟರಿನ ಮರಳಿನಂಗಳ. ಅಂಚಿನಲ್ಲಿ ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್ ಎಂಬ ಫಲಕಗಳು. ಅಕ್ಷರಮಾಲೆಯ ಕ್ರಮಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಕಲಿಯುವ ಡ್ರೆಸಾಜಿನಲ್ಲೇ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ತಂಡ ಚಿನ್ನ ಭಾರತಕ್ಕೆ ಬಂತು. ಕುದುರೆ ಸವಾರಿಯಲ್ಲಿ 41 ವರ್ಷಗಳ ಬಳಿಕ. ಬೆಂಗಳೂರಿನ ಫೌವಾದ್ ಮಿರ್ಜಾ 2018ರಲ್ಲಿ ಈವೆಂಟಿಂಗ್‌ನ ಬೆಳ್ಳಿ ತಂದು, ಮುಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದರು. ಈವೆಂಟಿಂಗ್‌ಗೂ ಮೊದಲ ಮೆಟ್ಟಿಲು ಡ್ರೆಸಾಜೇ.

ವಿದೇಶದ ವಿದ್ಯೆ ಎನ್ನುವವರಿಗೆ ಒಂದು ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಕುದುರೆಯಾಟಕ್ಕೆ ಒಂದು ವಿನೋದವನ್ನೇ ಮೀಸಲಿಟ್ಟ. ಕುದುರೆಯೇರಿ ಆಡುವುದಕ್ಕೆ ಕನ್ನಡದಲ್ಲಿ ವಯ್ಯಾಳಿ ಎಂಬ ಚೆಂದದ ಮಾತಿದೆ. ವೈಯಾಲಿಕಾವಲ್ ಬೋರ್ಡು ಕಂಡಾಗಲೆಲ್ಲ ನನಗೆ ಅದೇ ನೆನಪು.

ಇಳಿದ ಮೇಲೆ ಚಂದ್ರಿಯ ಬೆವರೊರೆಸಿ, ಗೊರಸಿನ ಮಣ್ಣು ಕೆದಕಿ ತೆಗೆದಲ್ಲದೆ ಮನೆಗೆ ಹೊರಡುವ ಹಾಗಿಲ್ಲ. ಒಂಬತ್ತಕ್ಕೆ ಬಿಳೇಕಹಳ್ಳಿ ಸಿಗ್ನಲ್ಲಿನಲ್ಲಿ ಸ್ಕೂಟರ್ ಮೇಲೆ ನೆಟ್ಟಗೆ ಕೂತಿರುತ್ತೇನೆ, ಹಿಮ್ಮಡಿ ಕೆಳಗೆ. ಹಿಂದಿನ ಆಟೋದವನು ಹಾರನ್ ಬಾರಿಸುತ್ತಾನೆ. ಲಗಾಮು ಇನ್ನೂ ಕೈಗೆ ಬಂದಿಲ್ಲ.